ಹೊರಗೆ ಆಡಿದ ಮಾತು

ಹೆಂಗಸರ ಜೈಲಿನಲ್ಲಿ ಅವಳನ್ನು ಎಲ್ಲರೂ ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬೀಗದಮ್ಮ ಎನ್ನುತ್ತಿದ್ದರು. ಎರಡನೆಯ ಹೆಸರು ತನಗಿದೆ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗಿರುವುದು ಕಾವಲು ಕೆಲಸದ ಅರ್ಧ ಜಾಣತನ. ಸೊಂಟಕ್ಕೆ ಸಿಕ್ಕಿಸಿಕೊಂಡ ಬೀಗದ ಕೈಗಳ ಗೊಂಚಲು ಅವಳು ಬರುವ ಮೊದಲೇ ಅವಳ ಬರವನ್ನು ಸಾರುತ್ತಿತ್ತು. ಹಾಗಾಗಿ ಅವಳು ಕಾಲಿಟ್ಟಲ್ಲೆಲ್ಲ ಹೆಂಗಸರು ಆಗಲೇ ಒಳ್ಳೆಯವರಾಗಿ ಕೂತಿರುತ್ತಿದ್ದರು.

ಅವಳ ಪಾಳಿ ಹೆಚ್ಚಾಗಿ ಹೊಲಿಗೆ ಹಾಲಿನಲ್ಲಿ. ಆಸ್ಪತ್ರೆಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಹಸಿರು ಬಣ್ಣದ ನಿಲುವಂಗಿ, ಇವೆಲ್ಲ ಅಲ್ಲಿ ತಯಾರಾಗುತ್ತಿದ್ದವು. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ, ಅಂದರೆ ಆಗಮನ ಕಾಲದಲ್ಲಿ, ಸಂಜೆ ಯಂತ್ರಗಳು ನಿಂತ ಮೇಲೆ ಅದೇ ಹಾಲಿಗೆ ವಯಸ್ಸಾದ ಸಿಸ್ಟರ್ ಒಬ್ಬರು ಬರುತ್ತಿದ್ದರು. ಬಂದವರು ಒಂದು ಸ್ಟೂಲಿನ ಮೇಲೆ ಕೂತು, ಆ ದಿನ ಚರ್ಚಿನಲ್ಲಿ ಓದುವ ಶುಭಸಂದೇಶದ ಭಾಗವನ್ನೇ ಇಲ್ಲಿಯೂ ನಿಧಾನವಾಗಿ ಓದುತ್ತಿದ್ದರು. ಮುಗಿದ ಮೇಲೆ ಪುಸ್ತಕ ಮುಚ್ಚಿ, "ಇವತ್ತು ನಿಮಗೆ ಯಾವ ಮಾತು ತಾಗಿತು?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ಯಾರಾದರೂ ಮಾತಾಡಿದರೆ ಸರಿ, ಆಡದಿದ್ದರೂ ಸರಿ. ಹತ್ತೋ ಹನ್ನೆರಡೋ ಮಂದಿ ಸೇರುತ್ತಿದ್ದರು. ಅವರಲ್ಲಿ ಕ್ರೈಸ್ತರಲ್ಲದವರೂ ಇದ್ದರು. ಸಿಸ್ಟರ್ ತರುವ ಬಿಸ್ಕತ್ತಿಗೆ ಯಾವ ಧರ್ಮವೂ ಅಡ್ಡ ಬರುತ್ತಿರಲಿಲ್ಲ.

ಬೀಗದಮ್ಮ ಬಾಗಿಲ ಬಳಿ ನಿಂತು ಕಾಯುತ್ತಿದ್ದಳು. ಕಿವಿಗೆ ಬಿದ್ದಷ್ಟು ಬಿತ್ತು, ಅಷ್ಟೇ. ಅವಳಿಗೂ ಜ್ಞಾನಸ್ನಾನ ಆಗಿತ್ತು, ಹುಡುಗಿಯಾಗಿದ್ದಾಗ ಚರ್ಚಿನ ಗಾಯನವೃಂದದಲ್ಲಿ ಹಾಡಿದ್ದೂ ಉಂಟು. ಆಮೇಲೆ ಈ ಕೆಲಸ ಸಿಕ್ಕಿತು, ಭಾನುವಾರಗಳೆಲ್ಲ ಪಾಳಿಗೆ ಹೋದವು. ನಂಬಿಕೆಯೇನೂ ಹೋಗಿರಲಿಲ್ಲ, ರಜೆ ಸಿಗುತ್ತಿರಲಿಲ್ಲ.

ಆ ವರ್ಷ ಆಗಮನ ಕಾಲದ ಮೊದಲ ವಾರ ಕಳೆಯುತ್ತಿದ್ದಂತೆ ಸಿಸ್ಟರ್ ಕಾನ್ವೆಂಟಿನ ಮೆಟ್ಟಿಲಲ್ಲಿ ಜಾರಿ ಕಾಲಿನ ಗಿಣ್ಣು ಮುರಿದುಕೊಂಡರು. ಮರುದಿನ ಜೈಲಿನ ಕಚೇರಿಗೆ ಅವರ ಫೋನ್ ಬಂತು. ಬೀಗದಮ್ಮನನ್ನೇ ಕರೆಸಿ ಮಾತಾಡಿದರು.

"ಬೇರೆ ಸಿಸ್ಟರ್‌ಗಳಿಗೆಲ್ಲ ಪುರುಸೊತ್ತಿಲ್ಲಮ್ಮ. ಪುಸ್ತಕ ಕಳಿಸ್ತೀನಿ. ನೀನೇ ಓದಿಬಿಡು."

"ನಾನಾ? ಸಿಸ್ಟರ್, ನಾನು ಹಾಜರಿ ಕರೆದರೆ ಅವರಿಗೆ ಅರ್ಥ ಆಗುತ್ತೆ. ಬೈಬಲ್ ಓದಿದರೆ ನಗ್ತಾರೆ."

"ನಗಲಿ ಬಿಡು. ಅಲ್ಲಿ ನಗೋದಕ್ಕೆ ಬೇರೆ ಏನಿದೆ?"

ಮಧ್ಯಾಹ್ನದ ಹೊತ್ತಿಗೆ ಪುಸ್ತಕ ಬಂತು. ಸಂಜೆ ಮನೆಗೆ ಹೋಗಿ ಅಡುಗೆ ಮನೆಯ ಮೇಜಿನ ಮುಂದೆ ಕೂತು ಗಟ್ಟಿಯಾಗಿ ಓದಿ ನೋಡಿಕೊಂಡಳು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವೆಲ್ಲ ಜನರನ್ನು ಮೇಲೆ ಕೆಳಗೆ ಮಾಡಿ ದಣಿದು ಬಂದವನು ತಟ್ಟೆಯ ಮುಂದೆ ಕೂತು ಕೇಳಿದ.

"ಹೇಗಿತ್ತು?" ಎಂದಳು.

"ಚೆನ್ನಾಗಿದೆ. ಆದರೆ ಕುರಿ ಕಳೆದುಹೋಯ್ತು ಅನ್ನೋ ಜಾಗದಲ್ಲಿ ಎಫ್‌ಐಆರ್ ಓದಿದ ಹಾಗಿತ್ತು. ಪಾಪ, ಅವರಿಗೆ ಮೊದಲೇ ಶಿಕ್ಷೆ ಆಗಿದೆ ಮಾರಾಯ್ತಿ, ಸ್ವಲ್ಪ ಕರುಣೆ ಇರಲಿ."

ಮರುದಿನ ಅವಳು ಸ್ಟೂಲಿನ ಮೇಲೆ ಕೂರಲಿಲ್ಲ. ಬಾಗಿಲ ಬಳಿ ನಿಂತೇ ಓದಿದಳು. ನೂರು ಕುರಿಗಳಲ್ಲಿ ಒಂದು ದಾರಿ ತಪ್ಪಿದರೆ, ಕುರುಬ ಉಳಿದ ತೊಂಬತ್ತೊಂಬತ್ತನ್ನು ಬೆಟ್ಟದಲ್ಲೇ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗುವ ಕಥೆ. ಪುಸ್ತಕ ಮುಚ್ಚಿ, ಸಿಸ್ಟರ್ ಕೇಳುವ ಪ್ರಶ್ನೆಯನ್ನೇ ಕೇಳಿದಳು. ಮೊದಲು ಬಾಯಿ ತೆರೆದವಳು ರೇಡಿಯೋ. ಬಾಯಿಗೆ ಬಿಡುವಿಲ್ಲದ ದಪ್ಪನೆಯ ಹೆಂಗಸು, ಅದಕ್ಕೇ ಆ ಹೆಸರು.

"ಮೇಡಂ, ತೊಂಬತ್ತೊಂಬತ್ತನ್ನ ಬಯಲಲ್ಲಿ ಬಿಟ್ಟು ಹೋದನಾ ಅವನು? ಇಲ್ಲಿ ನೀವು ಹಾಗೆ ಮಾಡಿದ್ರೆ ಸಂಜೆ ಎಣಿಕೆ ಹೊತ್ತಿಗೆ ಸಸ್ಪೆಂಡು!"

ಹಾಲಿಗೆ ಹಾಲೇ ನಕ್ಕಿತು. ಬೀಗದಮ್ಮನಿಗೂ ನಗು ತಡೆಯಲಾಗಲಿಲ್ಲ. ಅಲ್ಲಿಂದ ಮುಂದೆ ಓದುವುದು ಅಷ್ಟು ಕಷ್ಟವೆನಿಸಲಿಲ್ಲ. ಮೂರನೆಯ ದಿನಕ್ಕೆ ಸ್ಟೂಲಿನ ಮೇಲೆ ಕೂತಳು.

ನಗದೇ ಇದ್ದವಳು ಒಬ್ಬಳೇ, ಟೈಲರಮ್ಮ. ಜೈಲಿಗೆ ಬರುವ ಮೊದಲೂ ಅವಳು ದರ್ಜಿಯೇ. ಅಕ್ಕನ ಇಸ್ತ್ರಿ ಅಂಗಡಿಯ ಒಂದು ಮೂಲೆಯಲ್ಲಿ ಯಂತ್ರ ಹಾಕಿಕೊಂಡು ಹೊಲಿಯುತ್ತಿದ್ದಳು. ಇಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ದೊಡ್ಡ ಕತ್ತರಿಯನ್ನು ಸರಪಳಿ ಹಾಕಿ ಮೇಜಿಗೆ ಬಿಗಿದಿದ್ದರು. ಬೆಳಿಗ್ಗೆ ಬೀಗದಮ್ಮ ಬಂದು ಅದರ ಪೆಟ್ಟಿಗೆಯ ಬೀಗ ತೆಗೆದರೆ ಸಂಜೆಯವರೆಗೂ ಅವಳು ತಲೆ ಎತ್ತುತ್ತಿರಲಿಲ್ಲ. ಸೀಮೆಸುಣ್ಣದ ಗೆರೆ ಎಳೆಯದೆಯೇ ನೇರ ಕತ್ತರಿಸುವಳು. ಮಾತು ಮಾತ್ರ ಅಳೆದು ಸುರಿದಷ್ಟು.

ಅವಳ ಕಥೆ ಎಲ್ಲರಿಗೂ ಗೊತ್ತಿತ್ತು. ಯಾರದೋ ಮದುವೆ ಔತಣದಲ್ಲಿ ಒಂದೆರಡು ಗ್ಲಾಸು ಕುಡಿದಿದ್ದಳು. ಅಕ್ಕನ ಗಂಡ ಕಾರಿನ ಕೀಲಿ ಕೊಡು, ನಾನು ಓಡಿಸ್ತೀನಿ ಎಂದ. ನನಗೇನೂ ಆಗಿಲ್ಲ ಭಾವ ಎಂದು ಹಟ ಹಿಡಿದು ತಾನೇ ಓಡಿಸಿದಳು. ರಸ್ತೆ ಬದಿ ನಿಂತಿದ್ದ ಲಾರಿಗೆ ಕಾರು ಹೋಗಿ ಗುದ್ದಿತು. ಅವಳಿಗೆ ಹಣೆಯ ಮೇಲೆ ಒಂದು ಗಾಯ, ಭಾವ ಅಲ್ಲೇ ತೀರಿಕೊಂಡ. ಅಕ್ಕ ಕೋರ್ಟಿಗೂ ಬರಲಿಲ್ಲ, ಜೈಲಿಗೂ ಬರಲಿಲ್ಲ. ಆದರೆ ಪೊಲೀಸರು ತಂಗಿಯನ್ನು ಕರೆದೊಯ್ದ ದಿನವೇ ಅವಳ ಪುಟ್ಟ ಮಗಳನ್ನು ಕೈಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದಳು. ಮಗುವಿನ ಅಪ್ಪ ಎಂದೋ ಕೈಕೊಟ್ಟು ಹೋಗಿದ್ದವನು, ಅವನ ಸುದ್ದಿಯೇ ಇರಲಿಲ್ಲ. ಭೇಟಿಯ ದಿನಗಳಲ್ಲಿ ಟೈಲರಮ್ಮ ತಲೆ ಬಾಚಿಕೊಂಡು ತಯಾರಾಗಿ ಕೂರುತ್ತಿದ್ದಳು. ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

ಮೂರನೆಯ ವಾರದ ಬುಧವಾರ ಬೆಳಿಗ್ಗೆ ಸಿಸ್ಟರ್ ಫೋನು ಮಾಡಿದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರೂ ಅವರಿಗೆ ಇಲ್ಲಿನದೇ ಯೋಚನೆ. "ಇವತ್ತಿನ ಭಾಗದಲ್ಲಿ ಸ್ನಾನಿಕ ಯೊವಾನ್ನ ಬರ್ತಾನೆ. ಅವನು ಆಗ ಜೈಲಲ್ಲಿದ್ದ. ಪುಸ್ತಕದಲ್ಲಿ ಈ ಪುಟದಲ್ಲಿ ಅದು ಬರೆದಿಲ್ಲ. ನೀನು ಮೊದಲೇ ಹೇಳಿಬಿಡು."

ಬೀಗದಮ್ಮ ಹಾಗೆಯೇ ಹೇಳಿದಳು. ಹೇಳಿದ್ದೇ ತಡ, ಹಾಲಿನಲ್ಲಿ ಕಿವಿಗಳೆಲ್ಲ ನೆಟ್ಟಗಾದವು.

"ಯಾವ ಕೇಸು?" ಎಂದಳು ರೇಡಿಯೋ.

"ರಾಜ ತನ್ನ ಅಣ್ಣನ ಹೆಂಡತೀನ ಇಟ್ಕೊಂಡಿದ್ದ. ಅದು ತಪ್ಪು ಅಂತ ಮುಖದ ಮೇಲೆ ಹೇಳಿದ."

"ಅಷ್ಟಕ್ಕೇ? ಜಾಮೀನು ಕೊಡಲಿಲ್ವಾ?"

"ಸುಮ್ನಿರು, ಓದ್ತೀನಿ."

ಓದಿದಳು. ಬರಬೇಕಾದ ರಕ್ಷಕ ಯೇಸುವೇ ಎಂದು ಯೊವಾನ್ನ ಊರಿಗೆಲ್ಲ ಸಾರಿದ್ದವನು. ಈಗ ಸೆರೆಯಲ್ಲಿ ಕೂತು ಅವನಿಗೇ ಅನುಮಾನ. ತನ್ನ ಶಿಷ್ಯರಿಬ್ಬರನ್ನು ಕರೆದು ಯೇಸುವಿನ ಬಳಿ ಕಳಿಸುತ್ತಾನೆ. ಬರಬೇಕಾದವರು ನೀವೇನಾ, ಇಲ್ಲ ನಾವು ಇನ್ನೊಬ್ಬರ ದಾರಿ ಕಾಯಬೇಕಾ, ಕೇಳಿಕೊಂಡು ಬನ್ನಿ ಎನ್ನುತ್ತಾನೆ. ಯೇಸು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ನೀವು ಕಂಡದ್ದನ್ನೂ ಕೇಳಿದ್ದನ್ನೂ ಹೋಗಿ ಅವನಿಗೆ ಹೇಳಿ, ಕುರುಡರಿಗೆ ಕಣ್ಣು ಬರುತ್ತಿದೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಶುಭಸಂದೇಶ ಮುಟ್ಟುತ್ತಿದೆ, ಎಂದಷ್ಟೇ ಹೇಳಿ ಕಳಿಸುತ್ತಾನೆ.

ಬೀಗದಮ್ಮ ಪುಸ್ತಕ ಮುಚ್ಚಿದಳು. ಪ್ರಶ್ನೆ ಕೇಳುವ ಮೊದಲೇ ಕತ್ತರಿ ಮೇಜಿನ ಕಡೆಯಿಂದ ದನಿ ಬಂತು.

"ಅವನಿಗೆ ಕಳಿಸೋಕೆ ಇಬ್ಬರಾದರೂ ಇದ್ದರು."

ಟೈಲರಮ್ಮ ಅಲ್ಲಿ ಬಾಯಿ ತೆರೆದದ್ದು ಅದೇ ಮೊದಲು. ರೇಡಿಯೋ ಕೂಡ ತಿರುಗಿ ನೋಡಿದಳು.

ಸಂಜೆಯ ಎಣಿಕೆ ಮುಗಿಸಿ ಬೀಗ ಹಾಕುತ್ತ ಬಂದಾಗ ಟೈಲರಮ್ಮ ಕಂಬಿಯ ಹತ್ತಿರವೇ ನಿಂತಿದ್ದಳು.

"ಮೇಡಂ, ನಾಳೆ ನಿಮ್ಮ ರಜೆ ಅಲ್ವಾ?"

"ಹೌದು. ಯಾಕೆ?"

"ಒಂದು ಮಾತು ಕೇಳ್ಕೊಂಡು ಬರ್ತೀರಾ ನಮ್ಮಕ್ಕನ್ನ? ಬರ್ತೀಯಾ, ಇಲ್ಲ ನಾನು ಕಾಯೋದು ಬಿಡಲಾ. ಅಷ್ಟೇ. ಹೌದು ಅಂದ್ರೂ ಸರಿ, ಇಲ್ಲ ಅಂದ್ರೂ ಸರಿ. ಪ್ರತಿ ಸಲ ತಲೆ ಬಾಚ್ಕೊಂಡು ಕೂತ್ಕೊಳ್ಳೋದು ನನ್ನ ಕೈಲಾಗ್ತಿಲ್ಲ."

"ಅದು ನನ್ನ ಕೆಲಸ ಅಲ್ಲಮ್ಮ," ಎಂದು ಬೀಗದಮ್ಮ ಬೀಗ ಜಗ್ಗಿ ನೋಡಿ ಮುಂದೆ ನಡೆದಳು. ಹೇಳಿದ್ದು ನಿಯಮದ ಮಾತು. ಕಾವಲಿನವರು ಕೈದಿಗಳ ಮನೆಯ ಗೊಡವೆಗೆ ಹೋಗಕೂಡದು. ಅಷ್ಟು ವರ್ಷದ ನೌಕರಿಯಲ್ಲಿ ಅವಳು ಒಂದು ಸಲವೂ ಹೋದವಳಲ್ಲ. ಆದರೂ ಆ ಮಾತು ಬೂಟಿನೊಳಗೆ ಸೇರಿದ ಮರಳಿನ ಹಾಗೆ ಹೆಜ್ಜೆಹೆಜ್ಜೆಗೂ ಚುಚ್ಚತೊಡಗಿತು. ಕಾರಿಡಾರಿನ ಕೊನೆ ಮುಟ್ಟುವಷ್ಟರಲ್ಲಿ ತಾಳಲಾಗಲಿಲ್ಲ. ನೇರ ಸೂಪರಿಂಟೆಂಡೆಂಟರ ಕೋಣೆಗೆ ಹೋದಳು.

ಸೂಪರಿಂಟೆಂಡೆಂಟ್ ಕೂಡ ಹೆಂಗಸೇ. ಕಾಗದಗಳಿಗೆ ಸಹಿ ಹಾಕುತ್ತ ತಲೆ ಎತ್ತದೆ, "ಏನು?" ಎಂದರು.

"ಮೇಡಂ, ನಾಳೆ ನನ್ನ ರಜೆ. ಕ್ರಿಸ್‌ಮಸ್ ಬಂತು, ನಮ್ಮ ಯಜಮಾನರ ಕೋಟು ಇಸ್ತ್ರಿಗೆ ಕೊಡಬೇಕು."

"ಅದಕ್ಕೂ ನನ್ನ ಅಪ್ಪಣೆ ಬೇಕಾ?"

"ಆ ಇಸ್ತ್ರಿ ಅಂಗಡಿ ನಮ್ಮ ಟೈಲರಮ್ಮನ ಅಕ್ಕಂದು."

ಪೆನ್ನು ನಿಂತಿತು. ಸೂಪರಿಂಟೆಂಡೆಂಟ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಮತ್ತೆ ಕನ್ನಡಕ ಹಾಕಿಕೊಂಡು ಹೇಳಿದರು: "ಅಲ್ಲಿಂದ ಏನೂ ತರಬೇಡಿ, ಇಲ್ಲಿಂದ ಏನೂ ಒಯ್ಯಬೇಡಿ. ಬಾಯಲ್ಲಿ ಹೋದದ್ದು ಬಾಯಲ್ಲೇ ಬರಲಿ. ಮತ್ತೆ, ನೀವು ನನ್ನ ಹತ್ತಿರ ಮಾತಾಡಿದ್ದು ಕೋಟಿನ ವಿಷಯ. ಬೇರೇನೂ ನನಗೆ ಕೇಳಿಸಿಲ್ಲ."

ಇಸ್ತ್ರಿ ಅಂಗಡಿ ಸಿಕ್ಕಿದ್ದು ಒಂದು ಕಿರಿದಾದ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ. ಒಳಗೆ ಕಾಲಿಟ್ಟರೆ ಆವಿಯ ಬಿಸಿ ಮುಖಕ್ಕೆ ಹೊಡೆಯಿತು. ಇಸ್ತ್ರಿ ಮಾಡಿದ ಅಂಗಿಗಳು ಗೋಡೆಯುದ್ದಕ್ಕೂ ತೂಗುತ್ತಿದ್ದವು. ಮೇಜಿನ ಹಿಂದೆ ನಿಂತ ಹೆಂಗಸು ಟೈಲರಮ್ಮನಿಗಿಂತ ಎತ್ತರ. ಆದರೆ ಮೂಗು, ಗದ್ದ, ಕೆಲಸ ಮಾಡುವಾಗ ತುಟಿ ಕಚ್ಚುವ ರೀತಿ ಎಲ್ಲ ಅಚ್ಚೊತ್ತಿದ ಹಾಗೆ ಅದೇ. ಮೇಜಿನ ಇನ್ನೊಂದು ತುದಿಯಲ್ಲಿ ಏಳೆಂಟು ವರ್ಷದ ಹುಡುಗಿ ಪುಸ್ತಕದ ಮೇಲೆ ಬಗ್ಗಿ ಬರೆಯುತ್ತಿದ್ದಳು. ದುಂಡನೆಯ ಕನ್ನಡಕ ಮೂಗಿನಿಂದ ಜಾರಿದಾಗಲೆಲ್ಲ ಮೊಣಕೈಯಿಂದ ಮೇಲೆ ತಳ್ಳಿಕೊಳ್ಳುತ್ತಿದ್ದಳು.

"ಈಗಲೇ ಬೇಕಾ, ನಾಳೆ ಸಾಕಾ?" ಎಂದಳು ಅಂಗಡಿಯವಳು ಕೋಟನ್ನು ಕೊಡವುತ್ತ.

"ಕಾಯ್ತೀನಿ."

ಕೋಟಿನ ಕಾಲರಿನ ಮೇಲೆ ಒದ್ದೆ ಬಟ್ಟೆ ಹಾಸಿದಾಗ ಬೀಗದಮ್ಮ ಹುಡುಗಿಯ ಕಡೆ ನೋಡಿ ದನಿ ತಗ್ಗಿಸಿದಳು. "ನಾನು ಜೈಲಿನಲ್ಲಿ ಕೆಲಸ ಮಾಡೋದು. ನಿಮ್ಮ ತಂಗಿ ಇರೋ ಕಡೆ."

ಅಂಗಡಿಯವಳ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. "ಪುಟ್ಟಿ, ಒಳಗೆ ಹೋಗಿ ಬರಿ," ಎಂದಳು.

"ಯಾಕೆ ದೊಡ್ಡಮ್ಮ?"

"ಇಲ್ಲಿ ಆವಿ. ಕನ್ನಡಕ ಮಂಜಾಗುತ್ತೆ."

ಮಗು ಒಳಗೆ ಹೋಯಿತು. ಬೀಗದಮ್ಮ ತಂದ ಮಾತನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ಹೇಳಿದಳು. ಬರ್ತೀಯಾ, ಇಲ್ಲ ಕಾಯೋದು ಬಿಡಲಾ.

ಅಂಗಡಿಯವಳು ಕೋಟಿನ ಒಂದು ತೋಳು ಮುಗಿಸಿದಳು. ತಿರುಗಿಸಿ ಇನ್ನೊಂದು ತೋಳು ಹಾಸಿದಳು.

"ಅವಳಿಗೆ ಕೇಳೋಕೆ ನೀವು ಸಿಕ್ಕಿದ್ರಿ," ಎಂದಳು ಕೊನೆಗೆ. "ನನ್ನ ಗಂಡ ಬರ್ತಾರಾ, ಇಲ್ಲ ಕಾಯೋದು ಬಿಡಲಾ ಅಂತ ನಾನು ಯಾರನ್ನ ಕಳಿಸಿ ಕೇಳಲಿ, ಎಲ್ಲಿಗೆ ಕಳಿಸಲಿ?"

ಬೀಗದಮ್ಮ ತಲೆ ತಗ್ಗಿಸಿದಳು.

"ಮಗೂಗೆ ಕಣ್ಣು ಕಾಣ್ತಿರಲಿಲ್ಲ, ಗೊತ್ತಾ? ಶಾಲೆಯಲ್ಲಿ ಬೋರ್ಡು ಕಾಣದೆ ಸುಮ್ನೆ ಕೂತಿರ್ತಿತ್ತು. ದಡ್ಡಿ ಅಂತ ಹಿಂದಿನ ಬೆಂಚಿಗೆ ಹಾಕಿದ್ರು. ನಾನು ಹೋಗಿ ಜಗಳ ಆಡಿ, ಡಾಕ್ಟರಿಗೆ ತೋರಿಸಿ, ಕನ್ನಡಕ ಹಾಕಿಸಿದೆ. ಈಗ ಕ್ಲಾಸಿಗೇ ಮುಂದಿದ್ದಾಳೆ. ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮಗು ಇದೆ, ನೋಡಿದ್ರಲ್ಲ. ಹೋಗಿ ಬನ್ನಿ."

ಕೋಟು ಕೈಗೆ ಬಂತು. ಬೀಗದಮ್ಮ ದುಡ್ಡು ಕೊಟ್ಟು ಹೊರಗೆ ಬಂದಳು. ಅವಳು ಬಾಗಿಲು ದಾಟುವಾಗಲೇ ಮೈತುಂಬ ಶಾಲು ಹೊದ್ದ ಒಬ್ಬ ಗಿರಾಕಿ ಹೆಂಗಸು ಒಳಗೆ ಹೋದಳು. ಬೀಗದಮ್ಮ ಬಾಗಿಲಾಚೆ ನಿಂತು ಕೋಟಿಗೆ ಮಡಿಕೆ ಬೀಳದ ಹಾಗೆ ಅದನ್ನು ತೋಳಿನ ಮೇಲೆ ಹಾಕಿಕೊಳ್ಳುತ್ತಿದ್ದಳು. ಒಳಗಿನ ಮಾತು ಬೇಡವೆಂದರೂ ಕಿವಿಗೆ ಬಿತ್ತು.

"ಯಾರೇ ಅವಳು? ಜೈಲಿನ ಬಸ್ಸಿಂದ ಇಳಿಯೋವಾಗ ನೋಡಿದೀನಿ ಅವಳನ್ನ. ಆ ನಿನ್ನ ಕುಡುಕಿ ತಂಗಿ ವಿಷಯ ತಾನೇ?"

"ನೀವು ಇಲ್ಲಿಗೆ ಏನು ನೋಡೋಕೆ ಬಂದ್ರಿ?" ಅಂಗಡಿಯವಳ ದನಿ. ಬೀಗದಮ್ಮನ ಮುಂದೆ ಮಾತಾಡಿದ ದನಿಯಲ್ಲ, ಖಾರದ ದನಿ. "ಬಟ್ಟೆ ತಗೊಳ್ಳೋಕಾ, ಇಲ್ಲ ಸುದ್ದಿ ತಗೊಳ್ಳೋಕಾ? ನಿಮ್ಮ ಮಗಳ ಮದುವೆ ಬಟ್ಟೆ ಹೊಲಿದವಳು ಯಾರು? ಜ್ವರ ಬಂದಿದ್ರೂ ಕೂತು ಹೊಲಿದು ಹೊತ್ತಿಗೆ ಕೊಡಲಿಲ್ವಾ? ಈ ಬೀದಿಯಲ್ಲಿ ಅಷ್ಟು ನೇರ ಹೊಲಿಗೆ ಹಾಕೋ ಕೈ ಇನ್ನೊಂದು ಹುಟ್ಟಿಲ್ಲ. ತಪ್ಪು ಮಾಡಿದಳು. ಮಾಡಿದ್ದು ನನಗೆ. ಬೈಯೋ ಹಕ್ಕು ನನ್ನದು, ನಿಮ್ಮದಲ್ಲ. ಇಗೊಳ್ಳಿ ನಿಮ್ಮ ಬಟ್ಟೆ."

ಬೀಗದಮ್ಮ ಕಳ್ಳಿಯ ಹಾಗೆ ಸದ್ದಿಲ್ಲದೆ ಅಲ್ಲಿಂದ ಹೊರಟಳು. ಬೀಗದ ಕೈಗಳು ಸೊಂಟದಲ್ಲಿ ಇಲ್ಲದ್ದು ಅಂದು ಒಳ್ಳೆಯದೇ ಆಯಿತು.

ಆ ಸಂಜೆ ಗಂಡ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ ನೋಡಿಕೊಳ್ಳುತ್ತಿದ್ದ. ಅವಳು ಮೇಜಿನ ಮುಂದೆ ಪುಸ್ತಕ ಬಿಚ್ಚಿದಳು. ರಜೆಯ ದಿನವಾದ್ದರಿಂದ ಗುರುವಾರದ ಭಾಗ ಜೈಲಿನಲ್ಲಿ ಓದಿರಲಿಲ್ಲ. ಎರಡು ದಿನದ್ದನ್ನೂ ಶುಕ್ರವಾರ ಒಟ್ಟಿಗೇ ಓದಿ ಎಂದು ಹೆಂಗಸರು ಮೊದಲೇ ಹೇಳಿಟ್ಟಿದ್ದರು. ಗುರುವಾರದ ಭಾಗ ಬುಧವಾರದ ಕಥೆ ನಿಂತಲ್ಲಿಂದಲೇ ಶುರುವಾಗುತ್ತಿತ್ತು. ಯೊವಾನ್ನ ಕಳಿಸಿದವರು ಹೊರಟುಹೋದ ಮೇಲೆ ಯೇಸು ಜನರ ಕಡೆ ತಿರುಗಿ ಕೇಳುತ್ತಾನೆ. ಆ ಅಡವಿಗೆ ನೀವು ಏನು ನೋಡಲು ಹೋಗಿದ್ದಿರಿ? ಗಾಳಿಗೆ ಬಳುಕುವ ಹುಲ್ಲನ್ನೇ? ನಯವಾದ ಬಟ್ಟೆ ತೊಟ್ಟವನನ್ನೇ? ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಯೊವಾನ್ನನಿಗಿಂತ ದೊಡ್ಡವನು ಇನ್ನೊಬ್ಬನಿಲ್ಲ.

ಅವಳ ಓದು ಅಲ್ಲೇ ನಿಂತಿತು.

"ಯಾಕೆ ನಿಲ್ಲಿಸಿದೆ?" ಎಂದ ಗಂಡ ಕನ್ನಡಿಯಿಂದಲೇ.

"ಏನಿಲ್ಲ. ಇದನ್ನ ಎಲ್ಲೋ ಕೇಳಿದ ಹಾಗಿದೆ."

"ಬೈಬಲ್ಲು ಕಣೇ. ಕೇಳಿರದೆ ಏನು?"

ಶುಕ್ರವಾರ ಬೆಳಿಗ್ಗೆ ಕತ್ತರಿಯ ಪೆಟ್ಟಿಗೆಯ ಬೀಗ ತೆಗೆಯುವಾಗ ಬೀಗದಮ್ಮ ಮೆಲ್ಲಗೆ ಹೇಳಿದಳು: "ಹೋಗಿದ್ದೆ."

ಟೈಲರಮ್ಮನ ಕೈ ಸರಪಳಿಯ ಮೇಲೆ ನಿಂತಿತು.

"ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಉತ್ತರ ಇಲ್ಲ ಅಂದಳು. ನಿನ್ನ ಮಗಳು ಚೆನ್ನಾಗಿದ್ದಾಳೆ. ಕನ್ನಡಕ ಹಾಕ್ಕೊಂಡಿದ್ದಾಳೆ."

"ಕನ್ನಡಕಾನಾ? ಅವಳ ಕಣ್ಣು ಚೆನ್ನಾಗೇ ಇತ್ತಲ್ಲ."

"ಇರಲಿಲ್ಲವಂತೆ. ಬೋರ್ಡು ಕಾಣ್ತಿರಲಿಲ್ಲವಂತೆ. ನಿಮ್ಮಕ್ಕ ತೋರಿಸಿ ಹಾಕಿಸಿದ್ದಾಳೆ. ಈಗ ಕ್ಲಾಸಿಗೇ ಮುಂದು ಅಂತೆ."

ಟೈಲರಮ್ಮ ಬಟ್ಟೆಯ ಮಡಿಕೆಯನ್ನು ಅಂಗೈಯಿಂದ ಸವರುತ್ತಲೇ ಇದ್ದಳು. "ನಾನು ಅವಳನ್ನ ಸೋಮಾರಿ ಅಂತ ಬೈತಿದ್ದೆ," ಎಂದಳು. "ಪುಸ್ತಕ ಮೂಗಿಗೆ ತಾಗಿಸಿಕೊಂಡು ನಾಟಕ ಮಾಡ್ತೀಯಾ ಅಂತ ಒಂದು ಸಲ ಹೊಡೆದೂ ಇದ್ದೆ."

ಪಕ್ಕದ ಯಂತ್ರದಿಂದ ರೇಡಿಯೋ ಮೂಗು ತೂರಿಸಿದಳು. "ಕುರುಡರಿಗೆ ಕಣ್ಣು ಬರ್ತಿದೆ ಅಂತ ಮೊನ್ನೆ ಓದಿದ್ರಲ್ಲ ಮೇಡಂ, ಇದೇ ಅಲ್ವಾ?"

"ನಿನ್ನ ಯಂತ್ರ ನೋಡ್ಕೋ," ಎಂದಳು ಬೀಗದಮ್ಮ.

ಬಾಗಿಲಾಚೆ ಕೇಳಿದ್ದನ್ನು ಮಾತ್ರ ಅವಳು ಹೇಳಲಿಲ್ಲ. ಅದು ತನಗೆ ಕೊಟ್ಟ ಮಾತಲ್ಲ, ಕದ್ದು ಕೇಳಿದ್ದು. ಕೊಟ್ಟದ್ದನ್ನು ತಲುಪಿಸಿದೆ, ಇಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡಳು. ದಿನವೆಲ್ಲ ಹಾಗೆಯೇ ಅಂದುಕೊಂಡಳು.

ಸಂಜೆ ಯಂತ್ರಗಳು ನಿಂತವು. ಹೆಂಗಸರು ಸ್ಟೂಲುಗಳನ್ನು ಎಳೆದುಕೊಂಡು ಕೂತರು. ಬಿಸ್ಕತ್ತು ಈಗ ಇರಲಿಲ್ಲ, ಆದರೂ ಮೊದಲಿಗಿಂತ ಹೆಚ್ಚು ಮಂದಿ ಇದ್ದರು. ಬೀಗದಮ್ಮ ಬಾಕಿ ಉಳಿದಿದ್ದ ಭಾಗವನ್ನು ಮೊದಲು ಓದಿದಳು. ಪುಸ್ತಕ ಮುಚ್ಚಿ, ಯಾವ ಮಾತು ತಾಗಿತು ಎಂದು ಕೇಳಿದಳು.

"ತಾಗೋದೇನು ಬಂತು," ಎಂದಳು ಟೈಲರಮ್ಮ. ಅವಳ ದನಿಯಲ್ಲಿ ಸಿಟ್ಟಿತ್ತು. ಅಷ್ಟು ದಿನದಲ್ಲಿ ಅವಳ ಸಿಟ್ಟನ್ನು ಯಾರೂ ಕಂಡಿರಲಿಲ್ಲ. "ಹೊಗಳಿದ್ದೆಲ್ಲ ಹೊರಗಿನವರ ಮುಂದೆ. ಅದೂ ಕೇಳೋಕೆ ಬಂದವರು ಹೊರಟುಹೋದ ಮೇಲೆ. ಒಳಗೆ ಕೂತವನಿಗೆ ಅದು ತಲುಪಿತಾ? ಅವನಂಥ ದೊಡ್ಡವನು ಹುಟ್ಟಿಲ್ಲ ಅಂತ ಅವನಿಗೆ ಯಾರಾದರೂ ಹೇಳಿದ್ರಾ?"

ಬೀಗದಮ್ಮ ಪುಸ್ತಕ ಮತ್ತೆ ಬಿಚ್ಚಿ ಆ ಪುಟದ ಮೇಲೆ ಬೆರಳಾಡಿಸಿದಳು. ಹಿಂದಿನ ಪುಟ ತಿರುಗಿಸಿದಳು, ಮುಂದಿನ ಪುಟ ತಿರುಗಿಸಿದಳು.

"ಬರೆದಿಲ್ಲ," ಎಂದಳು. "ತಲುಪಿತು ಅಂತ ಇಲ್ಲಿ ಎಲ್ಲೂ ಬರೆದಿಲ್ಲ."

"ಮತ್ತೆ ಆಮೇಲೆ ಅವನನ್ನ ಬಿಟ್ಟರಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಇಲ್ಲ. ಕೊಂದರು."

ಕಿಟಕಿಯಾಚೆ ಅಡುಗೆ ಮನೆಯ ಕಡೆಯಿಂದ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು. ಸಿಸ್ಟರ್ ಆಗಿದ್ದರೆ ಇಲ್ಲಿ ಏನಾದರೂ ಒಳ್ಳೆಯ ಮಾತು ಹೇಳುತ್ತಿದ್ದರೇನೋ. ಬೀಗದಮ್ಮನಿಗೆ ಅಂಥ ಮಾತು ಬರುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಸಂಗತಿ. ಅದನ್ನು ದಿನವಿಡೀ ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದ್ದಳು.

"ಅವನಿಗೆ ತಲುಪಿಸಬೇಕಾದವರು ಆಗಲೇ ಹೊರಟುಹೋಗಿದ್ದರು," ಎಂದಳು. "ನಾನು ಹೊರಟಿರಲಿಲ್ಲ."

ಟೈಲರಮ್ಮ ತಲೆ ಎತ್ತಿದಳು.

"ಕೋಟು ಸರಿ ಮಾಡ್ಕೊಳ್ತಾ ಬಾಗಿಲ ಹೊರಗೇ ನಿಂತಿದ್ದೆ. ಯಾವಳೋ ಒಬ್ಬಳು ಬಂದು ನಿನಗೆ ಬೈದಳು. ನಿಮ್ಮಕ್ಕ ಅವಳನ್ನ ಹಿಡಿದು ಜಾಡಿಸಿಬಿಟ್ಟಳು. ನೀನು ಜ್ವರದಲ್ಲಿ ಕೂತು ಅವಳ ಮಗಳ ಮದುವೆ ಬಟ್ಟೆ ಹೊಲಿದಿದ್ದನ್ನ ಹೇಳಿದಳು. ಆ ಬೀದಿಯಲ್ಲಿ ಅಷ್ಟು ನೇರ ಹೊಲಿಗೆ ಹಾಕೋ ಕೈ ಇನ್ನೊಂದು ಹುಟ್ಟಿಲ್ಲ ಅಂದಳು. ತಪ್ಪು ಮಾಡಿದ್ದು ನನಗೆ, ಬೈಯೋ ಹಕ್ಕು ನನ್ನದು, ನಿಮ್ಮದಲ್ಲ ಅಂದಳು."

"ಹಾಗಂದಳಾ?"

"ಹಾಗೇ ಅಂದಳು."

"ಬೈಯೋ ಹಕ್ಕು ನನ್ನದು ಅಂದಳಾ? ಅವಳೇ?"

"ನನ್ನ ಈ ಎರಡು ಕಿವಿಯಲ್ಲಿ ಕೇಳಿದ್ದು."

ಟೈಲರಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡು ರೇಡಿಯೋ ಎದ್ದು ಹೋಗಿ ಅವಳ ಬೆನ್ನ ಮೇಲೆ ಕೈ ಇಟ್ಟಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಚಿಕ್ಕಂದಿನಿಂದ ಹಾಗೇ ಅವಳು," ಎಂದಳು ಕೈಯೊಳಗಿಂದಲೇ. "ತಾನು ಹೊಡೀತಾಳೆ, ಬೇರೆಯವರು ಮುಟ್ಟೋ ಹಾಗಿಲ್ಲ." ಶುಕ್ರವಾರದ ಪಾಠ ಓದದೆ ಉಳಿಯಿತು. ಯಾರೂ ಅದನ್ನು ಕೇಳಲೂ ಇಲ್ಲ.

ಮುಂದಿನ ಭೇಟಿಯ ದಿನ ಟೈಲರಮ್ಮನನ್ನು ಯಾರೂ ಕರೆಯಲಿಲ್ಲ. ಆ ದಿನ ಅವಳು ತಲೆ ಬಾಚಿಕೊಂಡು ಕೂತಿರಲಿಲ್ಲ ಕೂಡ, ಮೇಜಿನ ಮುಂದೆ ಕತ್ತರಿಸುತ್ತಿದ್ದಳು. ಬರದಿದ್ದದ್ದಕ್ಕೆ ಮುಖ ಸಣ್ಣದು ಮಾಡಿಕೊಳ್ಳಲೂ ಇಲ್ಲ. ಕ್ರಿಸ್‌ಮಸ್ ಬಂತು. ಸಿಸ್ಟರ್ ಊರುಗೋಲು ಊರಿಕೊಂಡು ಬಂದು ಎಲ್ಲರಿಗೂ ಶುಭಾಶಯ ಹೇಳಿದರು. ಬೀಗದಮ್ಮನ ಕೆನ್ನೆ ತಟ್ಟಿ, ಮುಂದಿನ ವರ್ಷ ನಾವಿಬ್ಬರೂ ಪಾಳಿ ಹಾಕಿಕೊಳ್ಳೋಣ ಎಂದರು. ಬೀಗದಮ್ಮ ಬೇಡವೆನ್ನಲಿಲ್ಲ. ಗಂಡನ ಜೊತೆ ಚರ್ಚಿನ ಬಲಿಪೂಜೆಗೂ ಹೋಗಿ ಬಂದಳು. ಗಾಯನವೃಂದದ ಹಾಡಿಗೆ ತನಗೇ ಗೊತ್ತಿಲ್ಲದೆ ದನಿಗೂಡಿಸಿದಾಗ, ಇಸ್ತ್ರಿಯ ಗೆರೆ ಇನ್ನೂ ಮಾಸದ ಕೋಟಿನಲ್ಲಿ ಗಂಡ ಬೆರಗಾಗಿ ನೋಡಿದ.

ಹೊಸ ವರ್ಷ ಹುಟ್ಟಿ ಕೆಲವು ದಿನ ಕಳೆದಿತ್ತು. ಭೇಟಿಯ ಕೋಣೆಯಲ್ಲಿ ಬೀಗದಮ್ಮನ ಪಾಳಿ. ಹೊರಗಿನವರ ಸಾಲಿನಲ್ಲಿ ದುಂಡು ಕನ್ನಡಕದ ಹುಡುಗಿಯೊಬ್ಬಳು ಕಂಡಳು, ಪಕ್ಕದಲ್ಲಿ ಅವಳ ದೊಡ್ಡಮ್ಮ.

"ಮಕ್ಕಳನ್ನ ಒಂಟಿಯಾಗಿ ಒಳಗೆ ಬಿಡಲ್ಲವಂತೆ," ಎಂದಳು ಅವಳು ಬೀಗದಮ್ಮನ ಮುಖ ನೋಡದೆ. "ಅದಕ್ಕೇ ಬಂದೆ."

"ಹೌದು, ನಿಯಮ ಹಾಗಿದೆ," ಎಂದಳು ಬೀಗದಮ್ಮ.

ಗಾಜಿನ ಆಚೆ ಟೈಲರಮ್ಮ ಬಂದು ಕೂತಳು. ಮಗು ಗಾಜಿಗೆ ಹಣೆ ಒತ್ತಿ, ಗಾಜಿನ ಕೆಳಗಿನ ಕಿಂಡಿಯಲ್ಲಿ ಒಂದೇ ಉಸಿರಿಗೆ ಮಾತಾಡಿತು. ಶಾಲೆ, ಕನ್ನಡಕ, ಬಿದ್ದ ಹಲ್ಲು, ಹುಟ್ಟಿದ ಹಲ್ಲು. ಅಮ್ಮನ ಕೈಯೂ ಮಗಳ ಕೈಯೂ ಗಾಜಿನ ಎರಡು ಕಡೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅಕ್ಕ ಹಿಂದೆ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಸೂಚನಾ ಫಲಕವನ್ನು ಓದುತ್ತಿದ್ದಳು. ಅದರಲ್ಲಿ ಅಷ್ಟು ಹೊತ್ತು ಓದುವಂಥದ್ದೇನೂ ಇರಲಿಲ್ಲ.

ಸಮಯ ಮುಗಿಯುತ್ತ ಬಂದಿತ್ತು. "ಅಕ್ಕಾ," ಎಂದಳು ಟೈಲರಮ್ಮ.

ಅಕ್ಕ ಫಲಕದಿಂದ ಕಣ್ಣು ಕೀಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಫಲಕಕ್ಕೇ ಹೇಳುವ ಹಾಗೆ ಹೇಳಿದಳು: "ಇವಳ ಸ್ಕೂಲ್ ಸ್ಕರ್ಟು ಸೊಂಟ ಬಿಗಿಯಾಗಿದೆ. ಬಿಚ್ಚಿ ಹೊಲಿದೆ. ಎಲ್ಲ ಸುಕ್ಕು ಸುಕ್ಕು ಆಗ್ತಿದೆ."

"ಪಟ್ಟಿ ಬಿಚ್ಚಿದ್ಯಾ, ಪಕ್ಕದ ಹೊಲಿಗೆ ಬಿಚ್ಚಿದ್ಯಾ?"

"ಪಕ್ಕದ್ದು."

"ಅಯ್ಯೋ, ಅದಲ್ಲ. ಹಿಂದುಗಡೆ ಮಧ್ಯದಲ್ಲಿ ಬಿಚ್ಚಬೇಕು. ಅಲ್ಲಿ ನಾನು ಒಳಗೆ ಜಾಸ್ತಿ ಬಟ್ಟೆ ಬಿಟ್ಟಿದೀನಿ, ಬೆಳೀತಾಳೆ ಅಂತ. ಮೊದಲು ಪಟ್ಟಿ ಎತ್ತು, ಹಾಗೆ, ಈ ಕಡೆ ಮಡಿಚು..." ಟೈಲರಮ್ಮ ಗಾಜಿನ ಆಚೆ ಬರಿಗೈಯಲ್ಲೇ ಇಲ್ಲದ ಸ್ಕರ್ಟನ್ನು ಬಿಚ್ಚಿ, ಮಡಿಚಿ, ಹಿಡಿದು ತೋರಿಸುತ್ತಿದ್ದಳು.

ಅಕ್ಕ ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡಳು. ಆ ಕೈಗಳನ್ನು ತುಟಿ ಕಚ್ಚಿಕೊಂಡು ನೋಡಿದಳು. "ಗೊತ್ತಾಗ್ತಿಲ್ಲ," ಎಂದಳು. ಆಮೇಲೆ ಬೀಗದಮ್ಮನ ಕಡೆ ತಿರುಗಿದಳು. "ಮುಂದಿನ ಸಲ ಸ್ಕರ್ಟನ್ನೇ ತರಬಹುದಾ?"

"ತನ್ನಿ," ಎಂದಳು ಬೀಗದಮ್ಮ. "ಗುಂಡುಪಿನ್ನು ಮಾತ್ರ ಚುಚ್ಚಿಕೊಂಡು ಬರಬೇಡಿ."